ಬೆಂಕಿಯ ಚಿತ್ರಪರಿಣಾಮ

ಬೆಂಕಿಯ ಚಿತ್ರಪರಿಣಾಮ ಎಂಬುದು ಫೋಟೋಶಾಪ್, ಗಿಂಪ್ ಮೊದಲಾದ ಚಿತ್ರ ಸಂಪಾದನಾ ತಂತ್ರಾಂಶಗಳಲ್ಲಿ ಪದರಗಳನ್ನು, ಅಂದರೆ ಲೇಯರ್‌ಗಳನ್ನು ಬಳಸಿ ಛಾಯಾಚಿತ್ರದಲ್ಲಿ ಜ್ವಾಲೆಯನ್ನು ಸಹಜವಾಗಿ ಮೂಡಿಸುವ ವಿಧಾನವಾಗಿದೆ. ಫೋಟೋಶಾಪ್‌ನಲ್ಲಿ ಪದರಗಳ ಸೌಲಭ್ಯವು 1994ರಲ್ಲಿ, 3.0 ಆವೃತ್ತಿಯೊಡನೆ ಬಂದಿತು.

ತತ್ತ್ವ

ಜ್ವಾಲೆಯು ಘನವಸ್ತುವಲ್ಲ, ತಾನೇ ಬೆಳಕು ಸೂಸುವಂಥದು. ಅದರ ಹಳದಿ ಬಣ್ಣಕ್ಕೆ ಕಾದು ಹೊಳೆಯುವ ಮಸಿಯ ಸೂಕ್ಷ್ಮಕಣಗಳೇ ಮುಖ್ಯ ಕಾರಣ. ಆದುದರಿಂದ ಜ್ವಾಲೆಯನ್ನು ಕತ್ತರಿಸಿ ಅಂಟಿಸಿದರೆ ಅದು ಬಣ್ಣದ ಕಾಗದದಂತೆ ಕಾಣುತ್ತದೆ. ಕಪ್ಪು ಹಿನ್ನೆಲೆಯಲ್ಲಿ ತೆಗೆದ ಜ್ವಾಲೆಯ ಚಿತ್ರವನ್ನು ಮೇಲಿನ ಪದರದಲ್ಲಿರಿಸಿ, ಪದರದ ಮಿಶ್ರಣ ಕ್ರಮವನ್ನು ‘ಸ್ಕ್ರೀನ್’ಗೆ ಬದಲಿಸಬೇಕು. ಕಪ್ಪನ್ನು 0, ಬಿಳುಪನ್ನು 1 ಎಂದು ಎಣಿಸಿದರೆ, ಈ ಕ್ರಮವು ಎರಡೂ ಪದರಗಳಲ್ಲಿ ಬಿಳುಪಿಗೆ ಇರುವ ಕೊರತೆಗಳನ್ನು ಗುಣಿಸಿ, ಬಂದ ಫಲವನ್ನು 1ರಿಂದ ಕಳೆಯುತ್ತದೆ. 0.5ರ ಮೇಲೆ 0.5 ಬಿದ್ದಾಗ 0.75 ಆಗುತ್ತದೆ. ಕಪ್ಪು ಬಿದ್ದೆಡೆ ಕೆಳಗಿನ ಚಿತ್ರ ಹಾಗೆಯೇ ಉಳಿಯುತ್ತದೆ. ಹೀಗೆ ಬೆಳಕು ಹೆಚ್ಚಬಹುದೇ ಹೊರತು ಎಲ್ಲಿಯೂ ತಗ್ಗದು.

ಇದೇ ಈ ಕ್ರಮದ ಮಿತಿಯೂ ಹೌದು. ಹಗಲಿನ ಬೆಳ್ಳನೆಯ ಆಕಾಶದ ಮೇಲೆ ಜ್ವಾಲೆ ಬಹುಮಟ್ಟಿಗೆ ಮಾಯವಾಗುತ್ತದೆ. ಕೆಳಗಿನ ಚಿತ್ರವನ್ನು ಮೊದಲು ಮಬ್ಬಾಗಿಸಬೇಕು, ಇಲ್ಲವೇ ರಾತ್ರಿಯ ದೃಶ್ಯವನ್ನು ಆರಿಸಿಕೊಳ್ಳಬೇಕು.

ಸುತ್ತಲಿನ ಬೆಳಕು ಮತ್ತು ಹೊಗೆ

ಕಲಿಯುವವರು ಸಾಮಾನ್ಯವಾಗಿ ಮರೆಯುವುದು ಬೆಂಕಿಯ ಸುತ್ತಲಿನ ವಸ್ತುಗಳನ್ನು. ಉರಿಯುವ ಸೌದೆಯ ಬಳಿ ಕುಳಿತವರ ಮುಖದ ಮೇಲೆ ಕಿತ್ತಳೆ ಬೆಳಕು ಬೀಳದಿದ್ದರೆ ಜ್ವಾಲೆ ಎಷ್ಟು ಚೆನ್ನಾಗಿದ್ದರೂ ಚಿತ್ರ ಸುಳ್ಳೆನಿಸುತ್ತದೆ. ಇದಕ್ಕೆ ‘ಸಾಫ್ಟ್ ಲೈಟ್’ ಕ್ರಮದ ಮತ್ತೊಂದು ಪದರದಲ್ಲಿ ಮೃದುವಾದ ಕುಂಚದಿಂದ ಕಿತ್ತಳೆ ಬಣ್ಣವನ್ನು ಬಳಿಯಲಾಗುತ್ತದೆ. ವಸ್ತುವಿನ ಹಿಂದೆ ಸರಿಯಬೇಕಾದ ಜ್ವಾಲೆಯ ಭಾಗವನ್ನು ಅಳಿಸದೆ ಲೇಯರ್ ಮಾಸ್ಕ್‌ನಿಂದ ಮರೆಮಾಡುವುದು ಲೇಸು.

ಕಪ್ಪು ಹೊಗೆಗೆ ‘ಸ್ಕ್ರೀನ್’ ಒದಗದು. ಹೊಗೆಯು ಬೆಳಕನ್ನು ತಡೆಯುವುದರಿಂದ ಅದನ್ನು ‘ಮಲ್ಟಿಪ್ಲೈ’ ಅಥವಾ ‘ನಾರ್ಮಲ್’ ಕ್ರಮದ ಬೇರೊಂದು ಪದರದಲ್ಲಿ ಇರಿಸಲಾಗುತ್ತದೆ.