ಊರು ಅಲ್ಲೇ, ದೇಶ ಬೇರೆ: ಟಿ.ಎಸ್.ಸಿ. ತಂಡದ ಕಥೆ



ಕ್ರಿಕೆಟ್ ಬಗ್ಗೆ ನಮ್ಮ ಗೋಡೆ ಪತ್ರಿಕೆಯಲ್ಲಿ ಬೇಕಾದಷ್ಟು ಬಂದಾಗಿದೆ. ಅದಕ್ಕೇ ಈ ಸಲ ನಾನು ದೂರದ ಸರ್ಬಿಯಾ ದೇಶದ ಒಂದು ಸಣ್ಣ ಊರಿನ ಫುಟ್‌ಬಾಲ್ ತಂಡದ ಬಗ್ಗೆ ಬರೆಯುತ್ತಿದ್ದೇನೆ. ಊರಿನ ಹೆಸರು ಬಾಚ್ಕಾ ತೊಪೊಲಾ. ಬಾಚ್ಕಾ ಎಂಬುದು ಆ ಸೀಮೆಯ ಹೆಸರು. ತೊಪೊಲಾ ಅಂದರೆ ಅಲ್ಲಿಯ ಭಾಷೆಯಲ್ಲಿ ಪಾಪ್ಲರ್ ಮರ. ಸುತ್ತಲೂ ಸಮತಟ್ಟು ನೆಲ. ಗೋಧಿ, ಮುಸುಕಿನ ಜೋಳ, ಸೂರ್ಯಕಾಂತಿ ಬೆಳೆಯುವ ರೈತರ ಸೀಮೆ. ಊರಿನ ಜನಸಂಖ್ಯೆ ಸುಮಾರು 12 ಸಾವಿರ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಂಗೇರಿಯನ್ನರು, ಅವರ ಮನೆಮಾತು ಸರ್ಬಿಯನ್ ಅಲ್ಲ, ಹಂಗೇರಿಯನ್. ಇದೊಂದು ಮಾತು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ತಂಡ ಹುಟ್ಟಿದ್ದು 1913ರಲ್ಲಿ. ಟಿ.ಎಸ್.ಸಿ. ಅನ್ನುವುದನ್ನು ಬಿಡಿಸಿದರೆ ‘ತೊಪೊಯಾಯಿ ಸ್ಪೋರ್ಟ್ ಕ್ಲಬ್’, ಅಂದರೆ ತೊಪೊಲಾದ ಕ್ರೀಡಾ ಸಂಘ. ಇದು ಹಂಗೇರಿಯನ್ ಹೆಸರು. ಆ ಭಾಷೆಯಲ್ಲಿ ಊರನ್ನು ತೊಪೊಯಾ ಅನ್ನುತ್ತಾರೆ. ಸರ್ಬಿಯಾದ ತಂಡಕ್ಕೆ ಹಂಗೇರಿಯನ್ ಹೆಸರು ಯಾಕೆ ಅಂತ ಕೇಳ್ತೀರಾ? 1913ರಲ್ಲಿ ಆ ಊರು ಸರ್ಬಿಯಾದಲ್ಲಿ ಇರಲೇ ಇಲ್ಲ!

ನಮ್ಮ ತರಗತಿಯ ಗೋಡೆಯ ಹಳೇ ಭೂಪಟದಲ್ಲಿ ಸರ್ಬಿಯಾ ಹುಡುಕಿದರೆ ಸಿಗುವುದಿಲ್ಲ. ಅಲ್ಲಿ ಯುಗೋಸ್ಲಾವಿಯಾ ಅಂತ ಒಂದೇ ಬಣ್ಣದ ದೊಡ್ಡ ದೇಶ ಇದೆ. ಅದಕ್ಕೂ ಹಿಂದಿನ ಭೂಪಟದಲ್ಲಿ ನೋಡಿದ್ದರೆ ಅದೂ ಇರುತ್ತಿರಲಿಲ್ಲ. 1913ರಲ್ಲಿ ಆ ಊರು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ್ದು. ಮೊದಲ ಮಹಾಯುದ್ಧದಲ್ಲಿ ಸಾಮ್ರಾಜ್ಯ ಸೋತು ಒಡೆಯಿತು. 1918ರಲ್ಲಿ ಸರ್ಬರು, ಕ್ರೋಯೇಟರು, ಸ್ಲೊವೀನರು ಸೇರಿದ ಹೊಸ ರಾಜ್ಯ ಹುಟ್ಟಿತು, ಊರು ಅದರ ಪಾಲಾಯಿತು. 1929ರಲ್ಲಿ ಆ ರಾಜ್ಯಕ್ಕೆ ಯುಗೋಸ್ಲಾವಿಯಾ ಎಂಬ ಹೆಸರು ಬಂತು. 1941ರಲ್ಲಿ ಹಂಗೇರಿಯ ಸೈನ್ಯ ಬಂದು ಬಾಚ್ಕಾವನ್ನು ಹಿಡಿಯಿತು. 1944ರಲ್ಲಿ ಅದು ಹೋಯಿತು, ಆಮೇಲೆ ಕಮ್ಯುನಿಸ್ಟರ ಯುಗೋಸ್ಲಾವಿಯಾ. ಅದೂ ಒಡೆದು 1992ರಲ್ಲಿ ಸಣ್ಣ ಯುಗೋಸ್ಲಾವಿಯಾ, 2003ರಲ್ಲಿ ಸರ್ಬಿಯಾ-ಮಾಂಟೆನೆಗ್ರೊ, ಕೊನೆಗೆ 2006ರಲ್ಲಿ ಬರೀ ಸರ್ಬಿಯಾ. ತಂಡ ಹುಟ್ಟಿದ ವರ್ಷವೇ ಹುಟ್ಟಿದ ಒಂದು ಮಗು 93 ವರ್ಷ ಬದುಕಿದ್ದರೆ, ಮನೆ ಬಿಟ್ಟು ಕದಲದೆ ಇಷ್ಟೂ ದೇಶಗಳ ಪ್ರಜೆಯಾಗಿ ಸಾಯುತ್ತಿತ್ತು. ಸಮಾಜ ಪಾಠದಲ್ಲಿ ಇದನ್ನೆಲ್ಲ ಬಾಯಿಪಾಠ ಮಾಡುವುದು ಕಷ್ಟ. ಆದರೆ ಒಂದು ತಂಡದ ಜೊತೆ ಹೋದರೆ ಸಲೀಸಾಗಿ ತಲೆಗೆ ಹತ್ತುತ್ತದೆ, ನನಗೆ ಹತ್ತಿದ್ದು ಹಾಗೇ.

ಇಷ್ಟು ದೇಶ ಬದಲಾದ ಮೇಲೆ ತಂಡದ ಹೆಸರು ಸುಮ್ಮನೆ ಇರುತ್ತದೆಯೇ? ಅದೂ ಹಲವು ಸಲ ಬದಲಾಯಿತು. ಕೊನೆಗೆ ಜನ ಹಳೆಯ ಮೂರಕ್ಷರಕ್ಕೇ ವಾಪಸು ಬಂದರು. ಆಟದಲ್ಲಿ ಮಾತ್ರ ಹೇಳಿಕೊಳ್ಳುವಂಥದ್ದು ಬಹುಕಾಲ ಏನೂ ಇರಲಿಲ್ಲ. ಬೆಲ್‌ಗ್ರೇಡಿನ ರೆಡ್ ಸ್ಟಾರ್, ಪಾರ್ಟಿಝಾನ್ ಎಂಬ ಎರಡು ದೈತ್ಯ ತಂಡಗಳು ಕಪ್ಪುಗಳನ್ನು ಹಂಚಿಕೊಳ್ಳುತ್ತಿದ್ದಾಗ ಟಿ.ಎಸ್.ಸಿ. ಕೆಳಗಿನ ದರ್ಜೆಗಳಲ್ಲಿ ಆಡಿಕೊಂಡಿತ್ತು. ಊರಿನ ಹೆಸರು ಹೊರಗೆ ಕೇಳಿಬಂದದ್ದು ಒಬ್ಬ ಹುಡುಗನಿಂದ. 1988ರಲ್ಲಿ ಅಲ್ಲಿ ಹುಟ್ಟಿದ ದುಶಾನ್ ತಾದಿಚ್, ಊರಿನ ಎ.ಐ.ಕೆ. ಎಂಬ ತಂಡದಲ್ಲಿ ಆಟ ಕಲಿತು ಹೊರಗೆ ಹೋದ. 2022ರ ವಿಶ್ವಕಪ್ಪಿನಲ್ಲಿ ಸರ್ಬಿಯಾದ ನಾಯಕ ಅವನೇ.

2019ರಲ್ಲಿ ಟಿ.ಎಸ್.ಸಿ. ಮೊಟ್ಟಮೊದಲ ಬಾರಿಗೆ ದೇಶದ ಅತ್ಯುನ್ನತ ದರ್ಜೆಯಾದ ಸೂಪರ್‌ಲೀಗಿಗೆ ಏರಿತು. 106 ವರ್ಷ ಬೇಕಾಯಿತು ನೋಡಿ. ಮೊದಲ ವರ್ಷವೇ ನಾಲ್ಕನೇ ಸ್ಥಾನ. ಅದರಿಂದ ಯುರೋಪಾ ಲೀಗಿನ ಅರ್ಹತಾ ಸುತ್ತು ಸಿಕ್ಕಿತು. 2020ರ ಸೆಪ್ಟೆಂಬರ್‌ನಲ್ಲಿ ರೊಮೇನಿಯಾದ ಎಫ್.ಸಿ.ಎಸ್.ಬಿ. ತಂಡದ ಮೇಲೆ ಆಟ. ಕೊರೊನಾ ಕಾಲ, ಪ್ರೇಕ್ಷಕರಿಲ್ಲ, ಎರಡು ಪಂದ್ಯದ ಬದಲು ಒಂದೇ ಪಂದ್ಯ. ಹೆಚ್ಚುವರಿ 30 ನಿಮಿಷವೂ ಮುಗಿದಾಗ ಸ್ಕೋರ್ ಎಷ್ಟು ಗೊತ್ತಾ? 6-6! ಫುಟ್‌ಬಾಲಿನಲ್ಲಿ ಒಂದು ಗೋಲಿಗೇ ಜನ ಕುಣಿಯುತ್ತಾರೆ, ಇಲ್ಲಿ ಹನ್ನೆರಡು. ಕೊನೆಗೆ ಪೆನಾಲ್ಟಿಯಲ್ಲಿ 4-5ರಿಂದ ಸೋತರು. ಇಂಥ ಆಟ ಕಣ್ಣಾರೆ ನೋಡಲು ಊರಿನ ಒಬ್ಬರೂ ಅಲ್ಲಿರಲಿಲ್ಲವಲ್ಲ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ತಂಡವನ್ನು ಅಲ್ಲಿಯವರೆಗೆ ತಂದ ತರಬೇತುದಾರ ಝೊಲ್ತಾನ್ ಸಾಬೊ ಅದೇ ಡಿಸೆಂಬರ್‌ನಲ್ಲಿ ತೀರಿಕೊಂಡರು. ವಯಸ್ಸು 48.

ಈಗ ಒಂದು ಕಸಿವಿಸಿಯ ವಿಷಯ. 12 ಸಾವಿರ ಜನರ ಊರಿಗೆ ಇಷ್ಟೆಲ್ಲ ದುಡ್ಡು ಎಲ್ಲಿಂದ ಬಂತು? ಬಹುಪಾಲು ಗಡಿಯಾಚೆಯಿಂದ. 1920ರ ಟ್ರಿಯಾನೊನ್ ಒಪ್ಪಂದದಲ್ಲಿ ಹಂಗೇರಿ ತನ್ನ ನೆಲದ ಮೂರರಲ್ಲಿ ಎರಡು ಪಾಲು ಕಳೆದುಕೊಂಡಿತು. ಲಕ್ಷಾಂತರ ಹಂಗೇರಿಯನ್ನರು ಪಕ್ಕದ ದೇಶಗಳಲ್ಲಿ ಉಳಿದರು. 2010ರಲ್ಲಿ ಮತ್ತೆ ಅಧಿಕಾರಕ್ಕೆ ಬಂದ ವಿಕ್ಟರ್ ಓರ್ಬಾನ್ ಸರ್ಕಾರ ಅಂಥವರ ಊರುಗಳ ಫುಟ್‌ಬಾಲಿಗೆ ಹಣ ಕೊಡತೊಡಗಿತು. ಸ್ಲೊವಾಕಿಯಾ, ರೊಮೇನಿಯಾಗಳ ತಂಡಗಳಿಗೂ ಕೊಟ್ಟಿತು. ತೊಪೊಲಾಕ್ಕೆ ಮಕ್ಕಳ ಫುಟ್‌ಬಾಲ್ ಅಕಾಡೆಮಿ ಬಂತು. 2021ರಲ್ಲಿ 4,500 ಆಸನಗಳ ಹೊಸ ಕ್ರೀಡಾಂಗಣವೂ ಎದ್ದಿತು. ಇದು ಪ್ರೀತಿಯೋ, ರಾಜಕೀಯವೋ? ಎರಡೂ ಅಂತ ನನ್ನ ಅನಿಸಿಕೆ. ಕೊಡುವ ಕೈ ಒಂದು ದಿನ ನಿಲ್ಲಬಹುದು, ಆಗ ತಂಡದ ಗತಿ ಏನು ಅನ್ನುವ ಪ್ರಶ್ನೆ ಇದ್ದೇ ಇದೆ. ಆದರೆ ಕ್ರೀಡಾಂಗಣ ಊರಲ್ಲೇ ಇದೆ, ತಂಡದಲ್ಲಿ ಸರ್ಬರೂ ಹಂಗೇರಿಯನ್ನರೂ ಒಟ್ಟಿಗೆ ಆಡಿದ್ದಾರೆ. ಚೆಂಡಿಗೆ ಯಾವ ಭಾಷೆಯಲ್ಲಿ ಕೂಗಿದರೂ ಒಂದೇ ಬಿಡಿ.

2022-23ರಲ್ಲಿ ತಂಡ ಪಾರ್ಟಿಝಾನನ್ನೂ ಹಿಂದೆ ಹಾಕಿ ಎರಡನೇ ಸ್ಥಾನ ಗಳಿಸಿತು. ಆಗ ತರಬೇತುದಾರ ಝಾರ್ಕೊ ಲಾಝೆತಿಚ್. ಚಾಂಪಿಯನ್ಸ್ ಲೀಗಿನ ಅರ್ಹತಾ ಸುತ್ತಿನಲ್ಲಿ ಪೋರ್ಚುಗಲ್ಲಿನ ಬ್ರಾಗಾ ಎದುರು ಸೋತು ಯುರೋಪಾ ಲೀಗಿನ ಗುಂಪಿಗೆ ಬಂತು. 2023ರ ಸೆಪ್ಟೆಂಬರ್ 21ರಂದು ಲಂಡನ್ನಿನಲ್ಲಿ ವೆಸ್ಟ್ ಹ್ಯಾಮ್ ಎದುರು ಆಟ. ಆ ಕ್ರೀಡಾಂಗಣದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಜನ ಕೂರಬಹುದು, ಇಂಥ ಐದು ತೊಪೊಲಾ ಅದರೊಳಗೆ ಹಿಡಿಸುತ್ತವೆ. ಅಲ್ಲಿ ಮೊದಲ ಗೋಲು ಹೊಡೆದದ್ದು ಪೇತರ್ ಸ್ತಾನಿಚ್, ಟಿ.ಎಸ್.ಸಿ. ಆಟಗಾರ! ಕೊನೆಗೆ 3-1ರಿಂದ ವೆಸ್ಟ್ ಹ್ಯಾಮ್ ಗೆದ್ದಿತು ಅನ್ನಿ. ಗುಂಪಿನ ಆರು ಪಂದ್ಯಗಳಲ್ಲಿ ಟಿ.ಎಸ್.ಸಿ.ಗೆ ಸಿಕ್ಕಿದ್ದು ಒಂದೇ ಅಂಕ, ಗ್ರೀಸಿನ ಒಲಿಂಪಿಯಾಕೊಸ್ ಎದುರಿನ 2-2 ಸಮದಿಂದ. ನವೆಂಬರ್ 30ರಂದು ವೆಸ್ಟ್ ಹ್ಯಾಮ್ ತಂಡವೇ ತೊಪೊಲಾಕ್ಕೆ ಬರಬೇಕಾಯಿತು. ಪಂದ್ಯ ಮುಗಿಯಲು ಒಂದೆರಡು ನಿಮಿಷ ಇರುವ ತನಕ ಊರಿನವರು ಅವರಿಗೆ ಒಂದು ಗೋಲನ್ನೂ ಬಿಟ್ಟುಕೊಟ್ಟಿರಲಿಲ್ಲ.