ಕನ್ನಡಕ್ಕೊಂದು ಕಾರ್ಡು ಬೇಕಾಗಿದ್ದ ಕಾಲ

ಜಯನಗರದ ಹಳೆಯ ಮನೆಯ ಅಟ್ಟದಲ್ಲೋ ಬನಶಂಕರಿಯ ಗುಜರಿ ಅಂಗಡಿಯ ಮೂಲೆಯಲ್ಲೋ 1980ರ ದಶಕದ ಕಂಪ್ಯೂಟರೊಂದು ಸಿಕ್ಕಿದರೆ ಅದರ ಮುಚ್ಚಳ ತೆಗೆದು ನೋಡಬೇಕು. ಒಳಗೆ ಸಾಲಾಗಿ ನಿಂತ ಹಲಗೆಗಳು ಕಾಣುತ್ತವೆ. ಕೆಲವಂತೂ ಪೆಟ್ಟಿಗೆಯ ಹಿಂಬದಿಯಿಂದ ಮುಂಬದಿಯವರೆಗೂ ಚಾಚಿಕೊಂಡಿರುತ್ತವೆ. ಅವುಗಳ ಉದ್ದ ಸುಮಾರು 13 ಅಂಗುಲ. ಮಕ್ಕಳ ಒಂದಡಿ ಸ್ಕೇಲಿಗಿಂತ ಒಂದಂಗುಲ ಹೆಚ್ಚೇ. ಇವು ಎಕ್ಸ್‌ಪಾನ್ಷನ್ ಕಾರ್ಡುಗಳು. ಇವು ಇಷ್ಟು ದೊಡ್ಡದಾಗಿದ್ದುದೇಕೆ? ಕಂಪ್ಯೂಟರಿನಲ್ಲಿ ಕನ್ನಡ ಮೂಡುವುದಕ್ಕೂ ಇಂಥದೊಂದು ಕಾರ್ಡು ಬೇಕಾಗಿದ್ದುದೇಕೆ?

1981ರ ಆಗಸ್ಟ್‌ನಲ್ಲಿ ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ, ಅದರ ಮದರ್‌ಬೋರ್ಡಿಗೆ ತಾನಾಗಿ ಮಾಡಲು ಬರುತ್ತಿದ್ದ ಕೆಲಸಗಳು ಕೆಲವೇ. ಪರದೆಯ ಮೇಲೆ ಅಕ್ಷರ ಮೂಡಬೇಕಾದರೆ ಒಂದು ಕಾರ್ಡು, ಫ್ಲಾಪಿ ಓದಲು ಇನ್ನೊಂದು, ಮೋಡೆಮ್ ಜೋಡಿಸಲು ಮತ್ತೊಂದು. ಇವನ್ನು ಸಿಕ್ಕಿಸಲು ಇದ್ದದ್ದು ಐದೇ ಸ್ಲಾಟುಗಳು. ಹೀಗಾಗಿ ಒಂದೇ ಕಾರ್ಡಿನಲ್ಲಿ ಸಾಧ್ಯವಾದಷ್ಟನ್ನೂ ತುರುಕುವುದು ಅನಿವಾರ್ಯವಾಯಿತು.

ಆಗಿನ ಚಿಪ್ಪುಗಳೋ, ಎರಡೂ ಬದಿಯಲ್ಲಿ ಕಾಲುಗಳಿದ್ದ ಜರಿಹುಳುವಿನಂಥವು. ಒಂದೊಂದರ ಸಾಮರ್ಥ್ಯವೂ ಅಲ್ಪ. 64 ಕಿಲೋಬೈಟ್ ನೆನಪಿಗೆ ಎಂಟು ಚಿಪ್ಪು, ತಪ್ಪು ಹಿಡಿಯಲು ಮೇಲೊಂದು, ಒಟ್ಟು ಒಂಬತ್ತು. ಎಎಸ್‌ಟಿ ಎಂಬ ಅಮೆರಿಕನ್ ಕಂಪನಿಯ ‘ಸಿಕ್ಸ್‌ಪ್ಯಾಕ್ ಪ್ಲಸ್’ ಕಾರ್ಡಿನಲ್ಲಿ 384 ಕಿಲೋಬೈಟ್‌ವರೆಗೆ ನೆನಪನ್ನು ತುಂಬಬಹುದಿತ್ತು. ಲೆಕ್ಕ ಹಾಕಿದರೆ ಬರೀ ನೆನಪಿಗೇ 54 ಚಿಪ್ಪುಗಳು! ಗಡಿಯಾರ, ಪ್ರಿಂಟರಿನ ಜೋಡಣೆ ಮುಂತಾದವಕ್ಕೆ ಬೇಕಾದದ್ದು ಬೇರೆ. ಹದಿಮೂರು ಅಂಗುಲದ ಹಲಗೆ ಹಾಗೆ ಹುಟ್ಟಿತು. ಹತ್ತಾರು ಚಿಪ್ಪುಗಳ ಕೆಲಸವನ್ನು ಒಂದೇ ಚಿಪ್ಪು ಮಾಡತೊಡಗಿದಂತೆ ಅದು ಗಿಡ್ಡವಾಗುತ್ತಾ ಬಂತು.

ಇನ್ನು ಅಕ್ಷರದ ವಿಚಾರ. ಆ ಕಂಪ್ಯೂಟರುಗಳಲ್ಲಿ ಅಕ್ಷರಗಳ ಆಕಾರವನ್ನು ಪರದೆಯ ಕಾರ್ಡಿನ ಚಿಪ್ಪೊಂದರಲ್ಲಿ ಅಚ್ಚೊತ್ತಿದಂತೆ ಶಾಶ್ವತವಾಗಿ ಇಡಲಾಗಿತ್ತು. ಪರದೆಯೆಂದರೆ 25 ಸಾಲು, ಸಾಲಿಗೆ 80 ಮನೆ, ಮನೆಗೊಂದು ಅಕ್ಷರ. ಇರುವ ಆಕಾರಗಳು 256 ಮಾತ್ರ. ಇಂಗ್ಲಿಷಿಗೆ ಇದು ಧಾರಾಳವಾಯಿತು. ಉಳಿದ ಲಿಪಿಗಳವರು ಹೊರಗೇ ಉಳಿದರು. ಥಾಯ್ ವಿದ್ಯಾರ್ಥಿ ವಾನ್ ಸುವನ್ನುಕುಲ್ ತಮ್ಮ ಪ್ರಬಂಧವನ್ನು ಥಾಯ್ ಲಿಪಿಯಲ್ಲಿ ಸಿದ್ಧಪಡಿಸಲು ಹೊರಟು, ಅದಕ್ಕಾಗಿ ತಾವೇ ಒಂದು ಕಾರ್ಡು ರೂಪಿಸಿದರು. 1982ರಲ್ಲಿ ಬಂದ ಅದೇ ಮುಂದೆ ಜಗತ್ತಿನಾದ್ಯಂತ ಮಾರಾಟವಾದ ಹರ್ಕ್ಯುಲಿಸ್ ಕಾರ್ಡು.

ಕನ್ನಡದ ತೊಡಕು ಇನ್ನೂ ದೊಡ್ಡದು. ನಮ್ಮಲ್ಲಿ ಗುಣಿತಾಕ್ಷರವಿದೆ, ಕೆಳಗೆ ಇಳಿಯುವ ಒತ್ತಕ್ಷರವಿದೆ. ಒಂದು ‘ಕ’ಕಾರದ ಗುಣಿತಕ್ಕೇ ಹದಿನಾಲ್ಕು ಹದಿನೈದು ಆಕಾರಗಳು ಬೇಕು, ಒತ್ತುಗಳೂ ಸೇರಿದರೆ 256 ಎಲ್ಲಿಗೂ ಸಾಲದು. ಕಾನ್ಪುರದ ಐಐಟಿಯಲ್ಲಿ ಪ್ರೊ. ಆರ್.ಎಂ.ಕೆ. ಸಿನ್ಹಾ, ಮೋಹನ ತಾಂಬೆ ಮೊದಲಾದವರು ಭಾರತೀಯ ಲಿಪಿಗಳಿಗೆ ದಾರಿ ಹುಡುಕಿದರು. ಆ ಕೆಲಸ 1988ರಲ್ಲಿ ಸ್ಥಾಪನೆಯಾದ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿದು, ‘ಜಿಸ್ಟ್’ ಎಂಬ ಕಾರ್ಡಾಗಿ ಮಾರುಕಟ್ಟೆಗೆ ಬಂತು.

ಕಂಪ್ಯೂಟರಿನ ಸ್ಲಾಟಿನಲ್ಲಿ ಇದನ್ನು ಸಿಕ್ಕಿಸಿದರೆ ಇಂಗ್ಲಿಷಿಗೆಂದೇ ಬರೆದ ಡಾಸ್ ತಂತ್ರಾಂಶಗಳಲ್ಲೂ ಕನ್ನಡ ಮೂಡುತ್ತಿತ್ತು. ಇದರ ಹಿಂದಿನ ಯುಕ್ತಿ ಸರಳ: ಕಡತದಲ್ಲಿ ಅಕ್ಷರದ ಆಕಾರವನ್ನಲ್ಲ, ಉಚ್ಚಾರವನ್ನು ಉಳಿಸಬೇಕು. ‘ಸ್ತ್ರೀ’ ಎಂದು ಬರೆದರೆ ಕಂಪ್ಯೂಟರು ನೆನಪಿಡುವುದು ಆರು ಸಂಕೇತಗಳನ್ನು: ಸ, ಹಲಂತ, ತ, ಹಲಂತ, ರ, ಈಕಾರದ ಚಿಹ್ನೆ. ಯಾವುದು ಒತ್ತಾಗಿ ಕೆಳಗಿಳಿಯಬೇಕು, ದೀರ್ಘ ಎಲ್ಲಿ ಕೂರಬೇಕು ಎಂಬುದನ್ನೆಲ್ಲ ಕಾರ್ಡು ನೋಡಿಕೊಳ್ಳುತ್ತದೆ. ಭಾರತದ ಬಹುತೇಕ ಲಿಪಿಗಳು ಬ್ರಾಹ್ಮಿಯ ಮಕ್ಕಳಾದ್ದರಿಂದ ಅವಕ್ಕೆ ಒಂದೇ ಸಂಕೇತ ಸಾಕಾಯಿತು. ಕನ್ನಡದಲ್ಲಿ ಕೀಲಿಸಿದ ಹೆಸರನ್ನು ಆ ಕ್ಷಣವೇ ತೆಲುಗು ಅಥವಾ ದೇವನಾಗರಿಯಲ್ಲಿ ಕಾಣಬಹುದಿತ್ತು. ‘ಇಸ್ಕಿ’ ಎಂಬ ಈ ಸಂಕೇತ ಪದ್ಧತಿ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು.

ಆದರೆ ಅಷ್ಟರಲ್ಲಿ ವಿಂಡೋಸ್ ಬಂತು. ಅಕ್ಷರ ಬರೆಯುವ ಕೆಲಸ ಚಿಪ್ಪಿನಿಂದ ತಂತ್ರಾಂಶಕ್ಕೆ ವರ್ಗವಾಯಿತು. ಕಾರ್ಡಿನ ಅಗತ್ಯ ತಪ್ಪಿತು. ಖರ್ಚು ಉಳಿಯಿತೆಂಬುದು ನಿಜ. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆ ಬಡಾವಣೆಗಳಲ್ಲಿ ಎದ್ದ ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆ, ಕರಪತ್ರ, ಕಥಾಸಂಕಲನಗಳು ಸಲೀಸಾಗಿ ಸಿದ್ಧವಾದವು. ಆದರೆ ಕಾರ್ಡಿನ ಜೊತೆ ಅದರ ವಿವೇಕವೂ ಹೊರಟುಹೋಯಿತು. ಫಾಂಟು ತಯಾರಕರು ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದರು. ಒಬ್ಬರ ಕ್ರಮ ಇನ್ನೊಬ್ಬರಿಗಿಲ್ಲ. ಬಹುಬಳಕೆಯ ಫಾಂಟೊಂದರಲ್ಲಿ ಬರೆದ ‘ಕನ್ನಡ’ ಎಂಬ ಪದವನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಇಂಗ್ಲಿಷಿನ ಪಿ, ಕ್ಯೂ, ಪೌಂಡಿನ ಚಿಹ್ನೆಗಳ ಕಲಸುಮೇಲೋಗರ. ಕಾಗದದ ಮೇಲೆ ಮುದ್ದಾಗಿ ಮೂಡಿದ್ದು ಕಡತದಲ್ಲಿ ಕನ್ನಡವೇ ಆಗಿರಲಿಲ್ಲ. ಅದನ್ನು ಹುಡುಕಲು, ಅಕಾರಾದಿಯಾಗಿ ಜೋಡಿಸಲು, ಬೇರೆಡೆಗೆ ಕಳಿಸಲು ಸುಲಭವಾಗಿ ಆಗುತ್ತಿರಲಿಲ್ಲ.

ಕಾರ್ಡಿನ ವಿವೇಕ ಮರಳಿ ಬಂದದ್ದು ಯೂನಿಕೋಡ್ ಮೂಲಕ. 1991ರ ಮೊದಲ ಆವೃತ್ತಿಯಲ್ಲೇ ಅದು ಕನ್ನಡಕ್ಕೆ 128 ಮನೆಗಳನ್ನು ಮೀಸಲಿಟ್ಟಿತು. ಅಕ್ಷರಗಳನ್ನು ಜೋಡಿಸಿದ ಕ್ರಮವನ್ನು ಇಸ್ಕಿಯ 1988ರ ರೂಪದಿಂದಲೇ ಪಡೆಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟಿನೊಂದಿಗೆ ಅದು ಮನೆಮನೆಯ ಕಂಪ್ಯೂಟರಿಗೂ ಬರುವಂತಾಯಿತು. ಇಂದು ಮೊಬೈಲಿನಲ್ಲಿ ನಾವು ‘ಸ್ತ್ರೀ’ ಎಂದು ಒತ್ತಿದಾಗ ಉಳಿಯುವುದು ಅವೇ ಆರು ಸಂಕೇತಗಳು.

ನಡುವಿನ ವರ್ಷಗಳಲ್ಲಿ ಸಿದ್ಧವಾದ ಪುಸ್ತಕಗಳ, ಸಂಘಸಂಸ್ಥೆಗಳ ಸ್ಮರಣ ಸಂಚಿಕೆಗಳ ಕಡತಗಳು ಫ್ಲಾಪಿ, ಸಿಡಿಗಳಲ್ಲಿ ಎಷ್ಟೋ ಕಡೆ ಹಾಗೆಯೇ ಉಳಿದಿವೆ. ಹಳೆಯ ಫಾಂಟುಗಳಿಂದ ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಇವೆ. ಆದರೆ ಕಡತ ಯಾವ ಫಾಂಟಿನಲ್ಲಿದೆ ಎಂಬುದು ಗೊತ್ತಿದ್ದರೆ ಮಾತ್ರ ಕೆಲಸ ಸಲೀಸು. ಅದನ್ನು ಹೇಳಬಲ್ಲ ಡಿಟಿಪಿ ಕೆಲಸಗಾರರು ಇನ್ನೂ ನಮ್ಮ ನಡುವೆ ಇರುವಾಗಲೇ ಆ ಪೆಟ್ಟಿಗೆಗಳನ್ನು ಬಿಚ್ಚುವುದು ಒಳ್ಳೆಯದು.