ನಡುಮನೆಯ ವಿಮರ್ಶಕರು

ಟಾಕೀಸಿನಲ್ಲಿ ಕುಳಿತ ಪ್ರೇಕ್ಷಕನಿಗೆ ಹಿಂದೆ ಎರಡೇ ಹಕ್ಕುಗಳಿದ್ದವು: ಮೆಚ್ಚಿದರೆ ಶಿಳ್ಳೆ ಹಾಕುವುದು, ಮೆಚ್ಚದಿದ್ದರೆ ಎದ್ದು ಹೋಗುವುದು. ಮನೆಯಲ್ಲಿಯೇ ಚಿತ್ರ ನೋಡುವವರಿಗೆ ಈಗ ಮೂರನೆಯದೊಂದು ಹಕ್ಕು ಪ್ರಾಪ್ತವಾಗಿದೆ. ಅದು ಚಿತ್ರವನ್ನು ನಡುವೆ ನಿಲ್ಲಿಸಿ ವಾದಕ್ಕಿಳಿಯುವ ಹಕ್ಕು. ದಾವಣಗೆರೆಯ ವಿನೋಬನಗರದಲ್ಲಿರುವ ನಮ್ಮ ಮನೆಯಲ್ಲಿ ಈ ಹಕ್ಕಿನ ಚಲಾವಣೆ ಎಷ್ಟು ಧಾರಾಳವಾಗಿ ನಡೆಯುತ್ತದೆಂದರೆ, ಎರಡೂವರೆ ಗಂಟೆಯ ಚಿತ್ರವನ್ನು ನಾಲ್ಕು ಗಂಟೆಗಳಿಗೆ ಮುಂಚೆ ನಾವು ನೋಡಿ ಮುಗಿಸಿದುದೇ ಇಲ್ಲ.

ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ ನಡುಮನೆಯಲ್ಲಿ ಸಭೆ ಸೇರುತ್ತದೆ. ಅಧ್ಯಕ್ಷ ಸ್ಥಾನ ನಮ್ಮ ಅತ್ತೆಯವರದು. ಅವರಿಗೀಗ 82 ವರ್ಷ. ಯಜಮಾನರು ಬೆತ್ತದ ಕುರ್ಚಿಯಲ್ಲಿ ವಿರೋಧ ಪಕ್ಷವಾಗಿ ಕುಳಿತುಕೊಳ್ಳುತ್ತಾರೆ. ರಿಮೋಟು ಕಾಲೇಜಿಗೆ ಹೋಗುವ ಮಗಳ ಕೈಯಲ್ಲಿ. ಮಂಡಕ್ಕಿಯ ಸರಬರಾಜು ನನ್ನ ಪಾಲಿಗೆ ಬಂದ ಖಾತೆ. ಮಂಡಕ್ಕಿಗೂ 'ನರ್ಗಿಸ್ ಮಂಡಕ್ಕಿ' ಎಂದು ಚಿತ್ರತಾರೆಯ ಹೆಸರೇ ಇರುವ ಊರು ನಮ್ಮದು. ಇಲ್ಲಿಯ ಜನಕ್ಕೆ ಸಿನಿಮಾದ ಹುಚ್ಚು ಹೊಸದಲ್ಲ. ಹತ್ತಿಗಿರಣಿಯ ಪಾಳಿ ಮುಗಿಸಿ ಬಂದ ಮಾವನವರೊಡನೆ ಎರಡನೆಯ ಆಟಕ್ಕೆ ಹೊರಟು, ಅಶೋಕ ಟಾಕೀಸಿನ ಬಳಿಯ ರೈಲ್ವೆ ಗೇಟು ಮುಚ್ಚಿದ್ದರಿಂದ ಮೊದಲ ರೀಲನ್ನೇ ಕಳೆದುಕೊಂಡ ಕಥೆಗಳನ್ನು ಅತ್ತೆಯವರು ಇಂದಿಗೂ ಹೇಳುತ್ತಾರೆ.

ಇತ್ತೀಚೆಗೆ ನಾವು ನೋಡಿದ ಚಿತ್ರಗಳ ಬಗೆಗೆ ಎರಡು ಮಾತು ಬರೆಯೋಣವೆಂದು ಕುಳಿತೆ. ಇವು ಪಂಡಿತರ ವಿಮರ್ಶೆಗಳಲ್ಲ. ಮಂಡಕ್ಕಿ ಮೆಲ್ಲುತ್ತ ಹೊರಬಿದ್ದ ಅಭಿಪ್ರಾಯಗಳು.

'ದಿಯಾ' ಚಿತ್ರವನ್ನು ಮತ್ತೆ ನೋಡಬೇಕೆಂದು ಮಗಳು ಹಟ ಹಿಡಿದಳು. 2020ರ ಫೆಬ್ರವರಿಯಲ್ಲಿ ತೆರೆಗೆ ಬಂದಾಗ ಅದನ್ನು ನೋಡಿದವರು ಕಡಮೆ. ಮಾರ್ಚಿಯಲ್ಲಿ ಊರಿಗೆ ಊರೇ ಬೀಗ ಹಾಕಿಕೊಂಡು ಕುಳಿತಾಗ ಅದು ಮನೆಮನೆಗಳನ್ನು ಹೊಕ್ಕು ಜನರನ್ನು ಅಳಿಸಿತು. ಟಾಕೀಸು ಕೈಬಿಟ್ಟ ಕೂಸನ್ನು ನಡುಮನೆ ಎತ್ತಿಕೊಂಡಿತೆನ್ನಬಹುದು. ಮಗಳು ಈ ಸಲವೂ ಕಣ್ಣೊರೆಸಿಕೊಂಡಳು. ಅತ್ತೆಯವರ ತೀರ್ಪು ಮಾತ್ರ ಬೇರೆಯಾಗಿತ್ತು: "ಇಬ್ಬರೂ ಒಳ್ಳೆ ಹುಡುಗರೇ, ಹುಡುಗಿನೂ ಒಳ್ಳೇಳೆ. ಕೆಟ್ಟೋರೇ ಇಲ್ಲದ ಮೇಲೆ ನಾನು ಯಾರನ್ನ ಬೈಯಲಿ?"

'ತಿಥಿ'ಯ ದಿನ ಅವರು ಬೈಯಲೇ ಇಲ್ಲ. ಮಂಡ್ಯದ ಕಡೆಯ ನೊದೆಕೊಪ್ಪಲಿನಲ್ಲಿ, ನಟನೆಯನ್ನೇ ಅರಿಯದ ಹಳ್ಳಿಗರಿಂದ ಮಾಡಿಸಿದ ಚಿತ್ರವದು. 2015ರಲ್ಲಿ ಲೊಕಾರ್ನೋ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿಗಳನ್ನು ಪಡೆಯಿತು. ನೂರೊಂದು ವರ್ಷದ ಸೆಂಚುರಿ ಗೌಡ ಸತ್ತುಹೋಗುತ್ತಾನೆ. ಮಗ ಗಡ್ಡಪ್ಪ ಆಸ್ತಿಯ ಗೊಡವೆಯೇ ಇಲ್ಲದೆ ತಿರುಗುತ್ತಾನೆ. ಮೊಮ್ಮಗನ ಕಣ್ಣೆಲ್ಲ ಜಮೀನಿನ ಮೇಲೆ. ಅತ್ತೆಯವರು ಕೊನೆಯವರೆಗೂ ನೋಡಿ, "ಇದಕ್ಕೆ ಸಿನಿಮಾ ಅಂತ ಯಾಕೆ ಹೆಸರಿಟ್ಟರು? ನಮ್ಮೂರ ಕಟ್ಟೆ ಮೇಲೆ ಕೂತರೆ ಪುಕ್ಕಟೆ ಕಾಣಿಸ್ತಿತ್ತಲ್ಲ" ಎಂದರು. ಆ ಚಿತ್ರಕ್ಕೆ ಲೊಕಾರ್ನೋದವರೂ ಇದಕ್ಕಿಂತ ಹೆಚ್ಚಿನ ಮನ್ನಣೆ ಕೊಟ್ಟಿರಲಾರರು.

'ನಾಗರಹಾವು' ನಮಗೆ ಮನೆಯ ಚಿತ್ರವಿದ್ದಂತೆ. ಅದು ಬಂದ 1972ರಲ್ಲಿ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯಲ್ಲಿಯೇ ಇತ್ತು. ನಮಗೆ ಬೇರೆ ಜಿಲ್ಲೆಯಾದುದು 1997ರಲ್ಲಿ. ಕೋಟೆಯ ಕಲ್ಲುಗಳನ್ನು ತೆರೆಯ ಮೇಲೆ ಕಂಡು ಜನ ತಮ್ಮವರನ್ನೇ ಕಂಡಂತೆ ಕುಣಿದಾಡಿದರಂತೆ. ತ.ರಾ.ಸು. ಅವರಿಗೆ ತಮ್ಮ ಕಾದಂಬರಿಯ ಚಿತ್ರರೂಪ ರುಚಿಸಲಿಲ್ಲವೆಂಬುದು ಹಳೆಯ ಸಂಗತಿ. ನಮ್ಮ ಯಜಮಾನರ ತಕರಾರು ಚಾಮಯ್ಯ ಮೇಷ್ಟರ ಮೇಲೆ. ಶಿಷ್ಯನ ಭಕ್ತಿಯನ್ನೇ ಮೂಗುದಾರ ಮಾಡಿಕೊಂಡು ಅವನನ್ನು ಅಲಮೇಲುವಿನಿಂದ ಬಿಡಿಸಿದವರು ಮೇಷ್ಟರೇ ಅಲ್ಲವೇ, ತಪ್ಪಿತಸ್ಥರು ಅವರೇ ಎಂಬುದು ಅವರ ವಾದ. "ಅಶ್ವತ್ಥರ ಮುಖ ನೋಡಿದರೆ ತಪ್ಪು ಹೊರಿಸೋಕೆ ಮನಸ್ಸು ಬರತೈತೇನೋ?" ಎಂದು ಅತ್ತೆಯವರು ಮಗನನ್ನು ಗದರಿಸಿದರು. ಗಂಟೆ ಐದಾಗಿತ್ತು, ಚಿತ್ರ ಇನ್ನೂ ಅರ್ಧದಲ್ಲಿತ್ತು.

ಹೀಗೆ ನಗುನಗುತ್ತ ಸಾಗಿದ್ದ ನಮ್ಮ ಭಾನುವಾರಗಳಲ್ಲಿ ಒಂದು ದಿನ 'ಶರಪಂಜರ' ಬಂದಿತು.

ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲರು 1971ರಲ್ಲಿ ತೆಗೆದ ಈ ಚಿತ್ರದ ಕಥೆ ವಾಚಕರಿಗೆ ಗೊತ್ತಿರುವುದೇ. ಹೆರಿಗೆಯ ತರುವಾಯ ಕಾವೇರಿಯ ಮನಸ್ಸು ಕದಡುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳುತ್ತಾಳೆ. ಆದರೆ ಮನೆಯವರ ಕಣ್ಣಿಗಾಗಲಿ ಊರವರ ಕಣ್ಣಿಗಾಗಲಿ ಅವಳು ಗುಣವಾಗಿಲ್ಲ. ಗಂಡ ಸಂಶಯದಲ್ಲಿ ಬೆಂದು ಬೇರೊಬ್ಬಳ ಕಡೆಗೆ ತಿರುಗಿದ್ದಾನೆ. ಕೊನೆಗೆ ಕಾವೇರಿ ಮತ್ತೆ ಅದೇ ಕತ್ತಲೆಗೆ ಜಾರುತ್ತಾಳೆ. ಕಲ್ಪನಾ ಅವರ ಅಭಿನಯವನ್ನು ಹೊಗಳುವುದೆಂದರೆ ಸಕ್ಕರೆ ಸಿಹಿಯೆಂದು ಸಾರಿದಂತೆ.

ಗುಣವಾಗಿ ಬಂದವಳನ್ನು ಎಲ್ಲರೂ ಅಂಜಿಕೆಯಿಂದ ನೋಡುವ ಭಾಗ ನಡೆಯುತ್ತಿತ್ತು. ಅತ್ತೆಯವರು ಥಟ್ಟನೆ, "ನಿಲ್ಸವ್ವ ಅದನ್ನ" ಎಂದರು. ಮಗಳು ನಿಲ್ಲಿಸಿದಳು. ಎಂದಿನ ವಾದ ಶುರುವಾಗುವುದೆಂದು ನಾವು ಕಾದೆವು. ಅವರು ಬಹಳ ಹೊತ್ತು ಸೆರಗಿನ ಅಂಚನ್ನು ಮಡಿಸುತ್ತ ಕುಳಿತಿದ್ದರು.

"ಇದನ್ನ ಆಗಲೇ ಟಾಕೀಸಿನಾಗೆ ನೋಡಿದ್ದೆ. ಕರವಸ್ತ್ರ ತೊಯ್ಯೋ ಹಂಗೆ ಅತ್ತಿದ್ದೆ. ಅತ್ತು ಮನೆಗೆ ಬಂದೆ. ಬಂದು, ತಂಗಿ ಮಲಗಿದ್ದ ಕೋಣೆಗೆ ಹೊರಗಿನಿಂದ ಚಿಲಕ ಹಾಕಿದೆ."

ಹರಿಹರದಲ್ಲಿರುವ ನಮ್ಮ ಚಿಕ್ಕತ್ತೆ ಅವರ ಒಬ್ಬಳೇ ತಂಗಿ. ಚಿಕ್ಕತ್ತೆಯ ಮಗ ಮೂರು ವರ್ಷದವನಾಗುವವರೆಗೆ ನಮ್ಮ ಮನೆಯಲ್ಲಿಯೇ ಬೆಳೆದನೆಂಬುದು ನನಗೆ ಗೊತ್ತಿತ್ತು. ಏಕೆಂಬುದನ್ನು ಯಾರೂ ಹೇಳಿರಲಿಲ್ಲ, ಸೊಸೆಯಾದ ನಾನು ಕೇಳಿರಲೂ ಇಲ್ಲ. ಚೊಚ್ಚಲ ಬಾಣಂತನದಲ್ಲಿ ಆಕೆಗೆ ಸನ್ನಿಯಾಯಿತಂತೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಮೂರು ತಿಂಗಳಿದ್ದು ಗುಣ ಹೊಂದಿ ಬಂದರಂತೆ. ಬಂದವರನ್ನು ಒಲೆಯ ಹತ್ತಿರ ಬಿಡಲಿಲ್ಲ, ಈಳಿಗೆಮಣೆ ಮುಟ್ಟಗೊಡಲಿಲ್ಲ, ಮಗುವನ್ನಂತೂ ಕೈಗೆ ಕೊಡಲೇ ಇಲ್ಲ. "ಕೂಸಿಗೆ ಹಾಲು ಕುಡಿಸ್ತೀನಕ್ಕಾ ಅಂತ ಒಳಲೆ ಹಿಡಿದಿದ್ದಳು. ಕೈಯಿಂದ ಕಿತ್ಕೊಂಡೆ. ಕಲ್ಪನಾಗೆ ಅತ್ತೋಳು ನಾನು" ಎಂದು ಅತ್ತೆಯವರು ಸುಮ್ಮನಾದರು. ಅಂದು ಚಿತ್ರ ಮುಂದುವರಿಯಲಿಲ್ಲ.

ಬಾಣಂತಿ ಸನ್ನಿಯೆಂದು ನಮ್ಮ ಹಿರಿಯರು ಕರೆಯುತ್ತಿದ್ದ ಈ ಕಾಯಿಲೆ ಸಾವಿರ ಹೆರಿಗೆಗಳಲ್ಲಿ ಒಂದೋ ಎರಡೋ ಕಡೆ ಬರುತ್ತದೆಂದೂ, ಹೆಚ್ಚಾಗಿ ಹೆರಿಗೆಯಾದ ಎರಡು ವಾರಗಳೊಳಗೆ ಕಾಣಿಸಿಕೊಳ್ಳುತ್ತದೆಂದೂ, ತಡಮಾಡದೆ ಚಿಕಿತ್ಸೆ ಕೊಡಿಸಿದರೆ ಬಹುಮಂದಿ ಪೂರ್ಣ ಗುಣವಾಗುತ್ತಾರೆಂದೂ ವೈದ್ಯರು ಹೇಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ವಾರ್ಡೇ ಇದೆ. ಮಗುವನ್ನು ಕಿತ್ತುಕೊಳ್ಳುವುದಿಲ್ಲ, ದಾದಿಯರು ಪಕ್ಕದಲ್ಲಿದ್ದು ತಾಯಿಯ ಕೈಯಿಂದಲೇ ಮಗುವಿನ ಆರೈಕೆ ಮಾಡಿಸುತ್ತಾರೆ. ಇದನ್ನು ಮಗಳು ಅತ್ತೆಯವರಿಗೆ ಓದಿ ಹೇಳಿದಳು. ಹೇಳಬಾರದಿತ್ತೋ ಏನೋ, ಆ ರಾತ್ರಿ ಅವರು ಊಟ ಮಾಡಲಿಲ್ಲ. ಇಂಥದನ್ನು 1960ರ ಸುಮಾರಿನಲ್ಲಿಯೇ ಕಾದಂಬರಿಯ ವಸ್ತುವಾಗಿ ತೆಗೆದುಕೊಂಡ ತ್ರಿವೇಣಿಯವರ ಧೈರ್ಯ ದೊಡ್ಡದು. ಆಕೆ ತಾವೇ 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಮುಂದಿನ ಭಾನುವಾರ ಅತ್ತೆಯವರೇ ಫೋನು ಮಾಡಿಸಿ ತಂಗಿಯನ್ನು ಕರೆಸಿಕೊಂಡರು. ಹರಿಹರವೆಂದರೆ ಎಷ್ಟು ದೂರ, ಬಸ್ಸಿನಲ್ಲಿ ಅರ್ಧ ಗಂಟೆ. ಚಿಕ್ಕತ್ತೆ 76ರಲ್ಲಿಯೂ ನೆಟ್ಟಗೆ ನಡೆಯುತ್ತಾರೆ. ಬಂದವರೇ ಚೀಲದಿಂದ ಬಾಳೆಹಣ್ಣು ತೆಗೆದಿಟ್ಟು, "ಏನಕ್ಕಾ, ನನ್ನ ಸಿನಿಮಾ ನೋಡಿದೆಯಂತೆ" ಎಂದು ನಕ್ಕುಬಿಟ್ಟರು. ಫೋನಿನಲ್ಲಿಯೇ ಮೊಮ್ಮಗಳು ಎಲ್ಲವನ್ನೂ ಒದರಿದ್ದಳು. ಅತ್ತೆಯವರು ತಂಗಿಯ ಕೈ ಹಿಡಿದುಕೊಂಡರು. ಬಾಯಿಂದ ಮಾತು ಹೊರಡಲಿಲ್ಲ.

"ನಾನೂ ನೋಡೀನಿ, ಮೂರು ಸಲ" ಎಂದರು ಚಿಕ್ಕತ್ತೆ. "ಎಲ್ಲ ಸರಿಯಾಗೇ ಮಾಡ್ಯಾರೆ. ನೀವು ನನ್ನನ್ನ ಹೆಂಗೆ ನೋಡ್ತಿದ್ರೋ ಹಂಗೇ ಐತೆ. ಕೊನೆ ಒಂದು ತಪ್ಪು. ಆಕಿಗೆ ಮತ್ತೆ ಯಾಕೆ ಹುಚ್ಚು ಹಿಡಿಬೇಕು? ಗಂಡ ಬಿಟ್ಟರೆ ಹಿಡಿಯಲೇಬೇಕಾ? ನನ್ನ ಯಜಮಾನರೂ ಬಿಟ್ಟರು. ನನಗೆ ಹಿಡಿಲಿಲ್ಲವಲ್ಲ!"

ನಮ್ಮ ಯಜಮಾನರು ಕುರ್ಚಿಯಿಂದ ಮುಂದಕ್ಕೆ ಬಾಗಿ, ಅಂಥ ಅಂತ್ಯವಿಲ್ಲದಿದ್ದರೆ ಪ್ರೇಕ್ಷಕರಿಗೆ ಚುರುಕು ಮುಟ್ಟುತ್ತಿರಲಿಲ್ಲ, ಸಮಾಜದ ಮೇಲಿನ ಆರೋಪವೇ ಸಡಿಲವಾಗುತ್ತಿತ್ತು ಎಂದು ವಾದಿಸಿದರು. ಅದೂ ನಿಜವಿರಬಹುದು. ಆದರೆ ಗುಣವಾಗಿ ಬಂದ ಮೇಲೆ ಐವತ್ತಕ್ಕೂ ಹೆಚ್ಚು ವರ್ಷ ಬಾಳಿದವರೊಬ್ಬರು ಎದುರಿಗೆ ಕುಳಿತಿರುವಾಗ ಆ ವಾದ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಮಗನನ್ನು ಮೂರನೆಯ ವರ್ಷದಲ್ಲಿ ಕರೆದೊಯ್ದು, ಒಂದು ಹೊಲಿಗೆಯಂತ್ರದ ಬಲದಿಂದ ಓದಿಸಿದವರು ಅವರು.

"ಮೂರು ಸಲ ಹೆಂಗೆ ನೋಡಿದಿ, ಸಂಕಟ ಆಗಲಿಲ್ಲವೇನೆ?" ಎಂದು ಅತ್ತೆಯವರು ಕೇಳಿದರು.

"ಮೊದಲ ಸಲ ಆಯ್ತು. ಆಮೇಲೆ ಎರಡು ಸಲ ಹೋಗಿದ್ದು ರವಿಕೆ ನೋಡೋಕೆ. ಕಿರ್ಲೋಸ್ಕರ್ ಕಾರ್ಖಾನೆ ಕಾಲೋನಿ ಹೆಂಗಸರೆಲ್ಲ ಕಲ್ಪನಾ ತೊಟ್ಟಂಥದ್ದೇ ಬೇಕು ಅಂತ ಬಟ್ಟೆ ತಂದು ಕೊಡೋರು. ಕತ್ತಲೆಯಾಗೆ ಕೂತು ತೋಳಿನ ಅಳತೆ ಕಣ್ಣಾಗೇ ತಗೊಂಡು ಬರ್ತಿದ್ದೆ."

ಮಗಳು ಚಿತ್ರವನ್ನು ಮೊದಲಿನಿಂದ ಹಚ್ಚಿದಳು. ಅಕ್ಕತಂಗಿಯರು ಒಂದೇ ದಿವಾನಿನ ಮೇಲೆ ಕುಳಿತರು. ಹಾಡೊಂದು ಅರ್ಧಕ್ಕೆ ಬಂದಿರಬೇಕು, ಚಿಕ್ಕತ್ತೆ ಕನ್ನಡಕ ಸರಿಪಡಿಸಿಕೊಂಡು ಮುಂದಕ್ಕೆ ಬಾಗಿ, "ಅಲ್ಲೇ ನಿಲ್ಸವ್ವ, ನಿಲ್ಸು" ಎಂದರು. ಎದ್ದು ತೆರೆಯ ಬಳಿ ಹೋಗಿ ಕಲ್ಪನಾ ಅವರ ತೋಳಿನ ಮೇಲೆ ಬೆರಳಾಡಿಸಿ ನೋಡಿದರು. "ನೋಡಕ್ಕಾ, ನಾನು ಹೊಲಿದದ್ದು ಸರಿಯಾಗೇ ಇತ್ತು."